ಷಡ್ಡಕನ ಕೆಂಪು ಕ್ಯಾಲಿಪರ್

ದೊಡ್ಡ ದೊಡ್ಡ ವಸ್ತುಗಳನ್ನು ಕಂಡಾಗ ಮಾತ್ರ ಹೊಟ್ಟೆಕಿಚ್ಚು ಹುಟ್ಟುತ್ತದೆ ಎಂದು ತಿಳಿದವರಿಗೆ ಆ ವಿಷಯದಲ್ಲಿ ಅನುಭವ ಸಾಲದು ಎಂದೇ ಹೇಳಬೇಕು. ಊರ ಶ್ರೀಮಂತರ ಮೂರಂತಸ್ತಿನ ಮನೆ ಕಂಡು ನಾನು ಒಂದು ದಿನವೂ ಸಂಕಟಪಟ್ಟವನಲ್ಲ. ಅವರೆಲ್ಲಿ, ನಾನೆಲ್ಲಿ! ಹೊಟ್ಟೆ ಸರಿಯಾಗಿ ಉರಿಯಬೇಕಾದರೆ ಎದುರಿನವನು ನಮ್ಮ ಸಮೀಪದವನಾಗಿರಬೇಕು. ನಮ್ಮಷ್ಟೇ ಎತ್ತರ, ಹೆಚ್ಚುಕಡಿಮೆ ನಮ್ಮಷ್ಟೇ ವಯಸ್ಸು, ನಮ್ಮಷ್ಟೇ ಸಂಪಾದನೆ ಇದ್ದು, ಯಾವುದೋ ಒಂದು ಕ್ಷುಲ್ಲಕ ವಿಷಯದಲ್ಲಿ ನಮಗಿಂತ ಕೂದಲೆಳೆಯಷ್ಟು ಮುಂದಿರಬೇಕು. ಆ ಕೂದಲೆಳೆ ಗಂಟಲಲ್ಲಿ ಸಿಕ್ಕಿಕೊಂಡಿತೆಂದರೆ ನುಂಗಲೂ ಆಗದು, ಉಗುಳಲೂ ಆಗದು. ಇಷ್ಟೆಲ್ಲ ಗುಣಗಳು ಒಬ್ಬನೇ ಮನುಷ್ಯನಲ್ಲಿ ಕೂಡಿಬರುವುದು ಅಪರೂಪ. ಕೂಡಿಬಂದರೆ ಅವನನ್ನು ಷಡ್ಡಕ ಎನ್ನುತ್ತಾರೆ.

ನನ್ನ ಷಡ್ಡಕನ ಹೆಸರು ಮಹಾಂತೇಶ. ನನ್ನ ಹೆಂಡತಿ ಗಿರಿಜಾಳ ತಂಗಿ ಶಾಂತಾಳ ಗಂಡ. ಶಿಗ್ಗಾಂವಿಯಲ್ಲಿ ಕಾಳುಕಡಿಯ ವ್ಯಾಪಾರ. ನನ್ನದು ಹಾನಗಲ್ಲಿನಲ್ಲಿ ಅಂಗಡಿ. ಮೊಳೆ, ಚಿಲಕ, ಕೀಲಿ ಎಲ್ಲವನ್ನೂ ಮಾರುತ್ತಿದ್ದೆನಾದರೂ ಮುಖ್ಯವಾಗಿ ಬಣ್ಣದ ಡಬ್ಬಿಗಳು. ಜನರ ಬಾಯಲ್ಲಿ ಅದು ಬಣ್ಣದಂಗಡಿ. ಮಹಾಂತೇಶನಿಗೆ ನಾನು ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ ಬಳಸುತ್ತಿದ್ದೆ. ಇದು ಮದುವೆಯಿಂದಲೇ ಶುರುವಾದದ್ದು. ಮಾವನವರು ಇಬ್ಬರು ಅಳಿಯಂದಿರಿಗೂ ಒಂದೇ ತರಹದ ಕೈಗಡಿಯಾರ ಕೊಟ್ಟಿದ್ದರು. ನನ್ನದು ದಿನಾಲೂ ಸ್ವಲ್ಪ ಹಿಂದೆ ಬೀಳುತ್ತಿತ್ತು, ಅವನದು ಸ್ವಲ್ಪ ಮುಂದೆ ಓಡುತ್ತಿತ್ತು. ನ್ಯಾಯವಾಗಿ ನೋಡಿದರೆ ಎರಡೂ ಕೆಟ್ಟ ಗಡಿಯಾರಗಳೇ. ಆದರೆ ಮಾವನವರ ಮನೆಯಲ್ಲಿ ಊಟಕ್ಕೆ ಎಲೆ ಹಾಕುವಾಗ ಅವನು ಯಾವಾಗಲೂ ಮೊದಲೇ ಬಂದು ಕೂತಿರುತ್ತಿದ್ದ. ನಾನು ಬಂದಾಗ ಹೋಳಿಗೆ ತಣ್ಣಗಾಗಿರುತ್ತಿತ್ತು. "ಸಣ್ಣ ಅಳಿಯಾರು ಟೈಮಿಗೆ ಭಾಳ ಕಟ್ಟುನಿಟ್ಟು" ಎಂದು ಅತ್ತೆಯವರು ಹೊಗಳುವಾಗ ನಾನು ಆ ತಣ್ಣನೆಯ ಹೋಳಿಗೆಯನ್ನು ಹೇಗೆ ಜಗಿದೆನೆಂಬುದು ನನಗೇ ಗೊತ್ತು.

ಎಂಬತ್ತರ ದಶಕದ ಕೊನೆಗೆ ನಮ್ಮ ಕಡೆಯ ರಸ್ತೆಗಳಲ್ಲೂ ಹೊಸ ಮಾದರಿಯ ಸಣ್ಣ ಕಾರುಗಳು ಕಾಣತೊಡಗಿದವು. ನಾನು ಹುಬ್ಬಳ್ಳಿಯ ಡಾಕ್ಟರೊಬ್ಬರು ಓಡಿಸಿದ್ದ ಬಿಳಿ ಕಾರೊಂದನ್ನು ಕೊಂಡೆ. ನಾನು ಕೊಂಡ ಸುದ್ದಿ ಶಿಗ್ಗಾಂವಿಗೆ ಮುಟ್ಟಿದ್ದೇ ತಡ, ಮಹಾಂತೇಶನೂ ಅಂಥದೇ ಒಂದನ್ನು ತಂದ. ಅದೂ ಬಿಳಿ, ಅದೂ ಒಬ್ಬ ಡಾಕ್ಟರದೇ. ನನಗೆ ವಿಶೇಷ ಬೇಸರವಾಗಲಿಲ್ಲ. ಸಮಸಮ ಇದ್ದಾಗ ನಾನು ಬಹಳ ಸಂಭಾವಿತ ಮನುಷ್ಯ.

ಮಹಾಂತೇಶನ ಮಗನಿಗೆ ಹೆಸರಿಡುವ ಕಾರ್ಯಕ್ಕೆಂದು ಶಿಗ್ಗಾಂವಿಗೆ ಹೋದಾಗ ಈ ಸಮತೆ ಕೆಟ್ಟಿತು. ಒಳಗೆ ತೊಟ್ಟಿಲಲ್ಲಿ ಕೂಸು ಮಲಗಿತ್ತು. ಹೊರಗೆ ಗಂಡಸರೆಲ್ಲ ಕಾರಿನ ಮುಂದಿನ ಗಾಲಿಯ ಹತ್ತಿರ ಬಗ್ಗಿ ನಿಂತಿದ್ದರು. ಕೂಸಿಗಿಂತ ಗಾಲಿಯನ್ನು ನೋಡಿದವರೇ ಹೆಚ್ಚು. ನಾನೂ ಬಗ್ಗಿದೆ. ಗಾಲಿಯ ಕಿಂಡಿಗಳ ಹಿಂದೆ ಏನೋ ಒಂದು ಮಾಗಿದ ಮೆಣಸಿನಕಾಯಿಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

"ಇದೇನ್ರಿ ಮಹಾಂತೇಶ್ ಅವರ?" ಎಂದೆ.

"ಕ್ಯಾಲಿಪರ್ ಅಂತಾರ್ರಿ ಅಣ್ಣಾರ. ಬ್ರೇಕಿಂದು. ಸುಮ್ನ ಜಂಗು ಹಿಡದಿತ್ತು, ಒಂದೀಟು ಬಣ್ಣಾ ಹಚ್ಚೇನಿ," ಎಂದ. ಆ 'ಒಂದೀಟು' ಎನ್ನುವಾಗ ಅವನ ಮುಖದಲ್ಲಿದ್ದ ವಿನಯ ನನ್ನನ್ನು ಅರ್ಧ ಸುಟ್ಟಿತು.

ತಿಳಿಯದವರಿಗಾಗಿ ಹೇಳುತ್ತೇನೆ, ಆ ದಿನದ ತನಕ ನನಗೂ ತಿಳಿದಿರಲಿಲ್ಲ. ಆ ಕಾರಿನ ಮುಂದಿನ ಗಾಲಿಯ ಜೊತೆಗೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತದೆ. ಬ್ರೇಕು ಒತ್ತಿದಾಗ ಮುಷ್ಟಿ ಗಾತ್ರದ ಗಟ್ಟಿ ಸಾಧನವೊಂದು ಆ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುತ್ತದೆ. ಅದೇ ಕ್ಯಾಲಿಪರ್. ತಟ್ಟೆಯನ್ನು ಹಿಡಿದು ಹಿಡಿದು ಅದು ಕಾಯುತ್ತದೆ, ರಸ್ತೆಯ ಕೆಸರು ತಿನ್ನುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಅದಕ್ಕೆ ಬಣ್ಣ ಹಚ್ಚಬೇಕೆಂಬುದು ಯಾವ ಶಾಸ್ತ್ರದಲ್ಲೂ ಇಲ್ಲ. ಆದರೆ ಷಡ್ಡಕ ಹಚ್ಚಿದ್ದಾನೆಂದ ಮೇಲೆ ಶಾಸ್ತ್ರ ಯಾರಿಗೆ ಬೇಕು? ಮನೆಗೆ ಬಂದವನೇ ಬ್ಯಾಟರಿ ಹಿಡಿದು ನನ್ನ ಕಾರಿನ ಗಾಲಿಯೊಳಗೆ ಇಣುಕಿದೆ. ಅಲ್ಲಿ ನನ್ನ ಕ್ಯಾಲಿಪರ್ ಸುಟ್ಟ ಗೆಣಸಿನ ಹಾಗೆ ಕೂತಿತ್ತು. ನನಗಾದ ಅವಮಾನಕ್ಕೆ ಎರಡು ಮುಖ. ಒಂದು, ಅವನಲ್ಲಿ ಇರುವುದು ನನ್ನಲ್ಲಿಲ್ಲ. ಇನ್ನೊಂದು, ಊರಿಗೆಲ್ಲ ಬಣ್ಣ ಮಾರುವವನು ನಾನು, ಬಣ್ಣ ಹೊಳೆಯುತ್ತಿರುವುದು ಜೋಳ ಮಾರುವವನ ಗಾಲಿಯಲ್ಲಿ! ಅದೂ ನನ್ನ ಅಂಗಡಿಯಿಂದ ಒಯ್ದ ಬಣ್ಣವಲ್ಲ.

ಮರುದಿನವೇ ಅಂಗಡಿಯ ಕಪಾಟಿನಿಂದ ಗೇಟು, ಕಿಟಕಿ ಸರಳುಗಳಿಗೆ ಹಚ್ಚುವ ಉತ್ತಮ ದರ್ಜೆಯ ಕೆಂಪು ಎಣ್ಣೆ ಬಣ್ಣ ತೆಗೆದೆ. ಗ್ಯಾರೇಜಿನ ಫಕ್ಕೀರಪ್ಪ ಗಾಲಿ ಬಿಚ್ಚಿಕೊಟ್ಟ. ಬಿಸಿಲು, ಮಳೆ, ಗಾಳಿ ಯಾವುದಕ್ಕೂ ಜಗ್ಗದ ಬಣ್ಣ ಎಂದು ಗಿರಾಕಿಗಳ ಮುಂದೆ ನಾನೇ ಹೇಳಿ ಹೇಳಿ ನನಗೂ ನಂಬಿಕೆ ಬಂದುಬಿಟ್ಟಿತ್ತು. ಹಚ್ಚಿ, ಒಣಗಿಸಿ, ಗಾಲಿ ಕೂಡಿಸಿದಾಗ ಅದು ಮಹಾಂತೇಶನದಕ್ಕಿಂತ ಒಂದು ಕೈ ಮೇಲೆ ಇತ್ತು. ತಡೆಯಲಾಗಲಿಲ್ಲ. ಶಿಗ್ಗಾಂವಿಯಲ್ಲಿ ಯಾವ ಕೆಲಸವೂ ಇರಲಿಲ್ಲ, ಆದರೂ ಗಿರಿಜಾಳನ್ನು ಕರೆದುಕೊಂಡು ಹೊರಟೆ. ಬಂಕಾಪುರದ ತನಕ ದಾರಿಯುದ್ದಕ್ಕೂ ಎಮ್ಮೆ, ಚಕ್ಕಡಿ, ಟ್ರ್ಯಾಕ್ಟರು. ಮೇಲಿಂದ ಮೇಲೆ ಬ್ರೇಕು ಒತ್ತುತ್ತಲೇ ಹೋದೆ. ಶಿಗ್ಗಾಂವಿಯಲ್ಲಿ ಇಳಿದಾಗ ಮಹಾಂತೇಶ ಕೈಕುಲುಕುವ ಮೊದಲು ಮೂಗು ಅರಳಿಸಿದ.

"ಅಣ್ಣಾರ, ಏನೋ ಹೊತ್ತಿದ ವಾಸನಿ ಬರಾಕತ್ತೈತೆಲ್ರಿ?"

"ರಸ್ತಾಕ್ಕ ಡಾಂಬರ್ ಹಾಕಾಕತ್ತಿದ್ರು, ಅದ ಇರಬೇಕು," ಎಂದೆ. ಅವನು ಒಳಗೆ ಹೋದ ಮೇಲೆ ಬಗ್ಗಿ ನೋಡಿದೆ. ನನ್ನ ಉತ್ತಮ ದರ್ಜೆಯ ಬಣ್ಣ ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಗುಳ್ಳೆ ಎದ್ದು ಅಂಚಿಗೆಲ್ಲ ಕಪ್ಪಾಗಿತ್ತು. ಆ ದಿನ ನಾನು ಕಾರಿನ ಮುಂದಿನ ಗಾಲಿಗೆ ಅಡ್ಡವಾಗಿ ನಿಂತೇ ಚಹ ಕುಡಿದೆ. "ಒಳಗ ಬಂದು ಕುಂತ್ಕೊಳ್ರಿ" ಎಂದು ಅವರು ಕರೆದರೂ, ಸೊಂಟ ನೋವು, ನಿಂತರೇ ಆರಾಮ ಎಂದೆ.

ಮುಂದಿನದು ಬೆಳ್ಳಿ ಬಣ್ಣ. ಬಚ್ಚಲೊಲೆಯ ಹೊಗೆ ಕೊಳವೆಗೆ ಹಚ್ಚುವಂಥದು. ಬೆಂಕಿಯ ಮುಂದೆಯೇ ಇರುವ ಬಣ್ಣಕ್ಕೆ ಬ್ರೇಕಿನ ಬಿಸಿ ಯಾವ ಲೆಕ್ಕ ಎಂಬುದು ನನ್ನ ವಾದ. ವಾದ ಸರಿಯಾಗಿಯೇ ಇತ್ತು. ಬಿಸಿಗೆ ಅದಕ್ಕೆ ಏನೂ ಆಗಲಿಲ್ಲ. ಆದರೆ ಫಕ್ಕೀರಪ್ಪ ಬ್ರೇಕಿನ ಎಣ್ಣೆ ಬದಲಿಸುವಾಗ ಒಂದಿಷ್ಟು ಅದರ ಮೇಲೆ ಚೆಲ್ಲಿತು. ಬ್ರೇಕಿನ ಎಣ್ಣೆ ಬಣ್ಣವನ್ನು ತಿನ್ನುತ್ತದೆ ಎಂಬುದು ಅವತ್ತು ನನಗೂ ಅವನಿಗೂ ಒಟ್ಟಿಗೇ ಗೊತ್ತಾಯಿತು. ಬೆಳ್ಳಿ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಜಾರಿ ಬಂತು. ಗಿರಿಜಾ ಮಾತ್ರ ಇದರಿಂದ ಸಂತೋಷಪಟ್ಟಳು. "ಹೋಗಿದ್ದ ಚಲೋ ಆತ್ರಿ. ಗಾಲ್ಯಾಗ ಯಾರೋ ಕಟ್ಟಿಸ್ಕೊಂಡ ಹಲ್ಲು ಇಟ್ಟಂಗ ಕಾಣ್ತಿತ್ತು," ಎಂದಳು.

ಬಿಸಿಯನ್ನೂ ತಡೆಯಬೇಕು, ಎಣ್ಣೆಯನ್ನೂ ತಡೆಯಬೇಕು, ಕೆಂಪಗೂ ಇರಬೇಕು. ಇಂಥ ವರ ಬೇಕೆಂದು ಹಟ ಹಿಡಿದ ಹೆಣ್ಣಿನ ತಂದೆಯ ಹಾಗೆ ನಾನು ಬಂದವರನ್ನೆಲ್ಲ ವಿಚಾರಿಸತೊಡಗಿದೆ. ಕೊನೆಗೆ ಹುಬ್ಬಳ್ಳಿಯಿಂದ ಬರುವ ಬಣ್ಣದ ಕಂಪನಿಯ ಮಾರಾಟಗಾರ ದಾರಿ ತೋರಿಸಿದ. ಹಚ್ಚಿದ ಮೇಲೆ ಒಲೆಯಲ್ಲಿಟ್ಟು ಬೇಯಿಸುವ ಬಣ್ಣವೊಂದಿದೆಯಂತೆ. ಬೆಂದ ಮೇಲೆ ಅದು ಕಬ್ಬಿಣದ ಚರ್ಮವೇ ಆಗಿಬಿಡುತ್ತದೆ. ಬಿಸಿ, ಎಣ್ಣೆ, ಪೆಟ್ರೋಲು ಯಾವುದಕ್ಕೂ ಬಿಡುವುದಿಲ್ಲ. ಕಾರ್ಖಾನೆಗಳಲ್ಲಿ ಅದಕ್ಕೆಂದೇ ದೊಡ್ಡ ಒಲೆಗಳಿರುತ್ತವೆ. ಹಾನಗಲ್ಲಿನಲ್ಲಿ ಎಲ್ಲಿಂದ ತರುವುದು? ಗಿರಿಜಾಳ ಒಲೆಯ ಕಡೆ ಒಮ್ಮೆ ನೋಡಿದೆ. ಅವಳೂ ನನ್ನ ಕಡೆ ನೋಡಿದಳು. ನಾನು ಸವಣೂರಿಗೆ ಹೋಗುವುದೆಂದು ನಿಶ್ಚಯಿಸಿದೆ.

ಸವಣೂರಿನಲ್ಲಿ ಮಕ್ಬೂಲ್ ಸಾಹೇಬರ ಬೇಕರಿ ಇತ್ತು. ನನ್ನ ಹಳೆಯ ಗಿರಾಕಿ. ಅವರ ಬೇಕರಿಯ ಹಸಿರು ಬಾಗಿಲುಗಳೆಲ್ಲ ನನ್ನ ಅಂಗಡಿಯವೇ. ಫಕ್ಕೀರಪ್ಪ ಕ್ಯಾಲಿಪರುಗಳನ್ನು ಬಿಚ್ಚಿ, ಒಳಗಿನ ರಬ್ಬರು ತೆಗೆದು, ತಂತಿಯ ಬ್ರಷ್ಷಿನಿಂದ ತಿಕ್ಕಿ ಕೊಟ್ಟ. ನಾನು ಬಣ್ಣ ಹಚ್ಚಿ, ಹಳೆಯ ಧೋತರದಲ್ಲಿ ಸಡಿಲಾಗಿ ಸುತ್ತಿ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಾರಿನಲ್ಲಿ ಹೋಗುವಂತಿರಲಿಲ್ಲ; ಕಾರಿನ ಬ್ರೇಕು ನನ್ನ ತೊಡೆಯ ಮೇಲಿತ್ತು. ಕಂಡಕ್ಟರ್ ಟಿಕೆಟ್ ಕೊಡುತ್ತ, "ಭಾರೀ ವಜ್ಜಾ ಕಾಣ್ತೈತಿ, ಏನೈತ್ರಿ ಚೀಲದಾಗ?" ಎಂದ. ಯೋಚಿಸದೆ "ಬ್ರೇಕು" ಎಂದೆ. ಮುಂದಿನ ಸೀಟಿನ ಅಜ್ಜಿ ತಟ್ಟನೆ ತಿರುಗಿ, "ಯವ್ವಾ, ಈ ಬಸ್ಸಿಂದೇನೋ ಯಪ್ಪಾ?" ಎಂದಳು. ನಾನು ಅಲ್ಲವೆಂದು ಎಷ್ಟು ಹೇಳಿದರೂ ಆಕೆ ಸವಣೂರು ಬರುವ ತನಕ ಸರಳು ಹಿಡಿದುಕೊಂಡೇ ಕೂತಿದ್ದಳು.

ಮಕ್ಬೂಲ್ ಸಾಹೇಬರು ಧೋತರ ಬಿಚ್ಚಿ ನೋಡಿ ಗಡ್ಡ ತುರಿಸಿಕೊಂಡರು. "ಸಾವಕಾರ್ರ, ಬ್ರೆಡ್ ಸುಡೋ ಭಟ್ಟಿಯೊಳಗ ಬ್ರೇಕ್ ಸುಡ್ರಿ ಅಂತೀರಲ್ಲ! ನಾಳಿ ಜನಾ ನನ್ನ ಪಾವ್ ತಿಂದು ನಿಂತ್ಬಿಟ್ರ ಏನ್ ಮಾಡ್ಲಿ?"

"ನಿಮ್ಮನ್ನ ಬಿಟ್ರ ನನಗ ಯಾರದಾರ್ರಿ ಸಾಹೇಬ್ರ?" ಎಂದೆ. ಕಾರಣ ಕೇಳಿದರು. ಷಡ್ಡಕ ಎಂದೆ. ಅವರ ಮುಖ ಮೃದುವಾಯಿತು. ಅವರಿಗೂ ಒಬ್ಬ ಷಡ್ಡಕ ಇದ್ದನಂತೆ, ಹಾವೇರಿಯಲ್ಲಿ, ಬೇಕರಿಯೇ ಇಟ್ಟುಕೊಂಡು. "ಹಿತ್ತಲದಾಗ ಹಳೇ ಭಟ್ಟಿ ಒಂದೈತಿ. ಈಗ ಅದರಾಗ ತಿನ್ನೂದೇನೂ ಸುಡೂದಿಲ್ಲ. ಇಟ್ಟು ಹೋಗ್ರಿ. ಖಡಕ್ ಮಾಡಿ ಕೊಡ್ತೇನಿ," ಎಂದರು. ಒಲೆ ಹದಕ್ಕೆ ಬರಬೇಕು, ನಾಡಿದ್ದು ಬನ್ನಿ ಎಂದು ಕಳಿಸಿದರು. ನಾನು ಗೆದ್ದವನಂತೆ ಊರಿಗೆ ಬಂದೆ.

ಮರುದಿನ ಬೆಳಿಗ್ಗೆ ಅಂಗಡಿಗೆ ಮಾವನವರ ಊರಾದ ಹಿರೇಕೆರೂರಿನಿಂದ ಫೋನು ಬಂತು. ಅತ್ತೆಯವರ ದನಿ. "ಮಾವಾರು ಬಿದ್ದಾರ್ರಿ, ಲಗೂನ ಬರ್ರಿ—" ಎನ್ನುವಷ್ಟರಲ್ಲಿ ಲೈನು ಕಡಿದುಹೋಯಿತು. ಎಲ್ಲಿಂದ ಬಿದ್ದರು, ಎಷ್ಟು ಪೆಟ್ಟಾಗಿದೆ, ಒಂದೂ ಗೊತ್ತಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದರೂ ಲೈನು ಸಿಗಲಿಲ್ಲ. ಮನೆಗೆ ಓಡಿದೆ. ಗಿರಿಜಾ ಸುದ್ದಿ ಕೇಳಿ ಸೆರಗಿನಿಂದ ಕಣ್ಣೊರೆಸುತ್ತಲೇ ಚಪ್ಪಲಿ ಮೆಟ್ಟಿ ಅಂಗಳಕ್ಕೆ ಬಂದಳು. ಅಲ್ಲಿ ನಮ್ಮ ಕಾರು ಮುಂದಿನ ಗಾಲಿಗಳಿಲ್ಲದೆ ಇಟ್ಟಿಗೆಗಳ ಮೇಲೆ ಮೊಣಕಾಲೂರಿ ನಿಂತಿತ್ತು.

"ಗಾಲಿ ಲಗೂನ ಹಾಕ್ರಿ, ಹೋಗೂಣು," ಎಂದಳು.

"ಗಾಲಿ ಹಾಕಬೌದು. ಬ್ರೇಕ್ ಇಲ್ಲ."

"ಬ್ರೇಕ್ ಎಲ್ಲಿ ಹೋದ್ವು?"

"ಸವಣೂರಾಗ ಅದಾವು."

"ಸವಣೂರಾಗ ಏನ್ ಮಾಡಾಕತ್ತಾವು?"

"ಬೇಯಾಕತ್ತಾವು," ಎಂದೆ. ಆ ಉತ್ತರಕ್ಕೆ ಅವಳು ನನ್ನನ್ನು ನೋಡಿದ ನೋಟದ ಬಿಸಿಗೆ ಯಾವ ಬಣ್ಣವೂ ನಿಲ್ಲುತ್ತಿರಲಿಲ್ಲ. "ನಮ್ಮಪ್ಪ ಅಲ್ಲಿ ಬಿದ್ದಾನ, ನೀವು ಬ್ರೇಕಿಗೆ ಬಣ್ಣ ಹಚ್ಕೋತ ಕುಂತೀರಿ. ಶಾಂತಾನ ಮನಿಯವರಿಗೆ ಫೋನ್ ಮಾಡ್ರಿ, ಈಗಿಂದೀಗ," ಎಂದಳು.

ಮಾಡಿದೆ. ಮಹಾಂತೇಶ ಒಂದೇ ಮಾತಿಗೆ ಶಾಂತಾಳನ್ನೂ ಕೂಸನ್ನೂ ಕರೆದುಕೊಂಡು ಹೊರಟೇಬಿಟ್ಟ. "ನಿಮ್ಮ ಗಾಡಿಗೇನಾತ್ರಿ ಅಣ್ಣಾರ?" ಎಂದಾಗ "ಸರ್ವೀಸಿಗೆ ಬಿಟ್ಟೇನಿ" ಎಂದಿದ್ದೆ. ಅವನು ಬಂದು ನಿಲ್ಲಿಸಿದ್ದು ಸರಿಯಾಗಿ ಆ ಇಟ್ಟಿಗೆಗಳ ಮುಂದೆ. ನೋಡಿದ, ಗಿರಿಜಾಳಿಗೆ ಹಿಂದಿನ ಬಾಗಿಲು ತೆರೆದುಕೊಟ್ಟ. ಅವನ ಗಾಲಿಯೊಳಗೆ ಆ ಕೆಂಪು ಎಂದಿನಂತೆಯೇ ಹೊಳೆಯುತ್ತಿತ್ತು. ಮಾವನವರ ಬಗ್ಗೆ ಮನಸ್ಸಿನಲ್ಲಿ ಅಷ್ಟು ಕಳವಳವಿದ್ದರೂ ನನ್ನ ಕಣ್ಣು ಮೊದಲು ಹೋದದ್ದು ಅಲ್ಲಿಗೇ. ಮನುಷ್ಯನ ಎದೆಯಲ್ಲಿ ದುಃಖಕ್ಕೂ ಹೊಟ್ಟೆಕಿಚ್ಚಿಗೂ ಬೇರೆ ಬೇರೆ ಖೋಲಿಗಳಿವೆಯೆಂದು ಕಾಣುತ್ತದೆ. ಒಂದರಲ್ಲಿ ಅಳು ನಡೆದಿದ್ದರೂ ಇನ್ನೊಂದರಲ್ಲಿ ದೀಪ ಆರುವುದಿಲ್ಲ.

ಹಿಂದಿನ ಸೀಟಿನಲ್ಲಿ ಅಕ್ಕತಂಗಿಯರು, ಮುಂದೆ ನನ್ನ ತೊಡೆಯ ಮೇಲೆ ಕೂಸು. ಅಕ್ಕಿಆಲೂರಿನಲ್ಲಿ ಅವತ್ತೇ ಸಂತೆ. ಭತ್ತದ ಚಕ್ಕಡಿಗಳು, ತರಕಾರಿ ಬುಟ್ಟಿಗಳು, ಕುರಿಗಳ ನಡುವೆ ಮಹಾಂತೇಶ ಬ್ರೇಕು ಒತ್ತುತ್ತ, ಬಿಡುತ್ತ, ಒತ್ತುತ್ತ ನಡೆಸಿದ. ಸಂತೆ ದಾಟುವಷ್ಟರಲ್ಲಿ ಒಂದು ವಾಸನೆ ಬಂತು. ಆ ವಾಸನೆ ನನಗೆ ಹೊಸದಲ್ಲ. ಆದರೆ ಇದರಲ್ಲಿ ಎಣ್ಣೆ ಬಣ್ಣಕ್ಕಿಲ್ಲದ ಏನೋ ಒಂದು ಸುವಾಸನೆ ಬೆರೆತಿತ್ತು. ಅಕ್ಕಿ ಗಿರಣಿಯ ಹತ್ತಿರ ಕಾರು ನಿಲ್ಲಿಸಿ ಇಬ್ಬರೂ ಇಳಿದು ಬಗ್ಗಿದೆವು. ಆ ಮೆಣಸಿನಕಾಯಿ ಕೆಂಪು ಗುಳ್ಳೆ ಎದ್ದು ಒಡೆದಿತ್ತು. ಅಂಚಿಗೆಲ್ಲ ಕಪ್ಪು. ಸಾಕ್ಷಾತ್ ನನ್ನ ಹಪ್ಪಳವೇ.

"ಮತ್ತ ಹೋತೇನ್ರಿ?" ಎಂದು ಶಾಂತಾ ಒಳಗಿನಿಂದಲೇ ಕೂಗಿದಳು. "ನನ್ನ ಉಗುರಿನ ಬಣ್ಣದ ಬಾಟ್ಲಿ ಎಲ್ಲಾ ಇದಕ್ಕ ಸುರದ್ರು ನೋಡಕ್ಕಾ! ಪ್ರತಿ ರವಿವಾರ ಚಾಪಿ ಹಾಸ್ಕೊಂಡು ಗಾಲಿ ಮುಂದ ಕುಂದರ್ತಾರ. ನನ್ನ ಉಗುರು ನೋಡು, ಒಂದಕ್ಕರ ಬಣ್ಣ ಐತೇನು?"

ಮಹಾಂತೇಶನ ಮುಖ ಅವನ ಕ್ಯಾಲಿಪರಿಗಿಂತ ಕೆಂಪಗಾಯಿತು. ತಲೆ ತಗ್ಗಿಸಿ ನಕ್ಕ. "ನಿಲ್ಲೂದಿಲ್ರಿ ಅಣ್ಣಾರ, ಏನ್ ಮಾಡಿದ್ರೂ ನಿಲ್ಲೂದಿಲ್ಲ. ಖರೇ ಹೇಳ್ಲೇನು? ಮಾವಾರ ಮನಿಗೆ ಹೋದಾಗೆಲ್ಲ ದೊಡ್ಡ ಅಳಿಯಾರ ಮನಿ ಬಾಗಲಾ ನೋಡ್ರಿ, ಕಿಡಕಿ ನೋಡ್ರಿ, ಹೆಂಗ ಹೊಳೀತಾವು ಅಂತ ಅತ್ತ್ಯಾರು ಹೇಳಿ ಹೇಳಿ ನನ್ನ ತಲಿ ತಿಂದಿದ್ರು. ಬಾಗಲದಾಗಂತೂ ನಿಮ್ಮ ಮುಂದ ಆಗೂದಿಲ್ಲ, ನಿಮ್ಮ ಕಣ್ಣಿಗೆ ಬೀಳದ್ದು ಒಂದ ಜಾಗಾ ಅಂದ್ರ ಇದ ಅನ್ಕೊಂಡೆ."

ಇಷ್ಟು ವರ್ಷ ನಾನು ಒಬ್ಬನೇ ಉರಿಯುತ್ತಿದ್ದೇನೆಂದು ತಿಳಿದಿದ್ದೆ. ಅತ್ತ ಶಿಗ್ಗಾಂವಿಯಲ್ಲೂ ಒಲೆ ಹೊತ್ತಿತ್ತೆಂದು ತಿಳಿದಾಗ ಆದ ಆನಂದವನ್ನು ಹೇಗೆ ಹೇಳಲಿ! ಆ ಆನಂದದ ಭರದಲ್ಲಿ ನನ್ನ ಎಣ್ಣೆ ಬಣ್ಣ, ಬೆಳ್ಳಿ ಬಣ್ಣ, ಮಕ್ಬೂಲ್ ಸಾಹೇಬರ ಭಟ್ಟಿ ಎಲ್ಲವನ್ನೂ ಅವನಿಗೆ ಹೇಳಿಬಿಟ್ಟೆ. ಇಬ್ಬರೂ ಗಿರಣಿಯ ಗೋಡೆಗೆ ಒರಗಿ ನಗತೊಡಗಿದೆವು. "ಅಪ್ಪ ಬಿದ್ದಾನ, ಅಳಿಯಂದಿರು ನಗಾಕತ್ತಾರ," ಎಂದು ಗಿರಿಜಾ ಬೈದ ಮೇಲೆ ಓಡಿ ಬಂದು ಕಾರು ಹತ್ತಿದೆವು.

ಮಾವನವರು ಹತ್ತಿ ತುಂಬಿದ ದೊಡ್ಡ ಚೀಲದ ಮೇಲಿಂದ ಇಳಿಯುವಾಗ ಕಾಲು ಜಾರಿ ಬಿದ್ದಿದ್ದರು. ಪಾದದ ಗಂಟಿಗೆ ಉಳುಕು, ಅಷ್ಟೇ. ಪಟ್ಟಿ ಕಟ್ಟಿಸಿಕೊಂಡು, ಕಾಲನ್ನು ದಿಂಬಿನ ಮೇಲಿಟ್ಟು ಅವಲಕ್ಕಿ ತಿನ್ನುತ್ತಿದ್ದರು. ನಾವು ಒಂದೇ ಕಾರಿನಿಂದ ಇಳಿದದ್ದನ್ನು ಕಿಟಕಿಯಿಂದಲೇ ನೋಡಿದ್ದರು. "ಇಬ್ಬರೂ ಕೂಡಿ ಒಂದ ಗಾಡ್ಯಾಗ ಬಂದಿರಿ! ನಾ ಬಿದ್ದಿದ್ದು ಚಲೋನ ಆತು," ಎಂದರು. ಅತ್ತೆಯವರು ಇಬ್ಬರಿಗೂ ಬಿಸಿ ಅವಲಕ್ಕಿ ಒಟ್ಟಿಗೇ ತಂದುಕೊಟ್ಟರು. ಆ ದಿನ ಮಹಾಂತೇಶನನ್ನು ನಾನು ಮನಸ್ಸಿನಲ್ಲೂ ಬಹುವಚನದಲ್ಲಿ ಕರೆದೆ.

ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಒಳ್ಳೆಯ ಮನುಷ್ಯನಾಗಿ ಉಳಿಯುತ್ತಿದ್ದೆ. ಆದರೆ ಸವಣೂರಿಗೆ ಹೋಗಬೇಕಿತ್ತಲ್ಲ. ಮಕ್ಬೂಲ್ ಸಾಹೇಬರು ಧೋತರ ಬಿಚ್ಚಿ ನನ್ನ ಮುಂದಿಟ್ಟರು. ಒಳಗೆ ಒಳ್ಳೆಯ ಟೋಸ್ಟಿನ ಬಣ್ಣದ ಎರಡು ತುಂಡುಗಳಿದ್ದವು. ಕೆಂಪಿನ ಹೆಸರಿಲ್ಲ.

"ಕೆಂಪು ಎಲ್ಲಿ ಹೋತ್ರಿ?" ಎಂದೆ.

"ನೀವು ಗಟ್ಟಿ ಇರ್ಬೇಕು ಅಂದ್ರೆಲ್ರಿ ಸಾವಕಾರ್ರ! ನಮ್ಮ ಮಂದಿ ಅಂತ ಇನ್ನೊಂದೀಟು ಹೊತ್ತು ಇಟ್ಟೆ. ಬಡದ್ ನೋಡ್ರಿ, ಹೆಂಗ್ ಖಣ್ ಅಂತಾವು!" ಪ್ರೀತಿಯಿಂದ ಹೆಚ್ಚು ಬೇಯಿಸಿದ್ದರು. ಮನೆಗೆ ತಂದು ಪೆಟ್ರೋಲು ಸುರಿದೆ, ಬ್ರೇಕಿನ ಎಣ್ಣೆ ಸುರಿದೆ, ತಂತಿಯ ಬ್ರಷ್ಷಿನಿಂದ ತೋಳು ಸೋಲುವ ತನಕ ತಿಕ್ಕಿದೆ. ಒಂದು ಚೂರೂ ಏಳಲಿಲ್ಲ. ಅದರ ಮೇಲೆ ಹೊಸದಾಗಿ ಕೆಂಪು ಹಚ್ಚಿದರೆ ಅದು ಒಣಗಿ ಸಿಪ್ಪೆಯಂತೆ ಉದುರಿತು. ನಾನು ಬಯಸಿದ ಗಟ್ಟಿತನ ನೂರಕ್ಕೆ ನೂರು ಸಿಕ್ಕಿತ್ತು. ಆದರೆ ಅದು ಸರಿಯಾಗಿ ತುಕ್ಕಿನ ಬಣ್ಣದಲ್ಲಿತ್ತು. ಗಾಲಿ ಕೂಡಿಸಿ ದೂರ ನಿಂತು ನೋಡಿದರೆ, ನಾನು ಈ ಎಲ್ಲ ಉಸಾಬರಿಗೆ ಇಳಿಯುವ ಮೊದಲು ಹೇಗಿತ್ತೋ ಹಾಗೆಯೇ ಕಾಣುತ್ತಿತ್ತು.

ಮಹಾಂತೇಶನೂ ತನ್ನ ಕ್ಯಾಲಿಪರುಗಳನ್ನು ಹೊತ್ತು ಸವಣೂರಿಗೆ ಹೋದ. ಬಣ್ಣ ನನ್ನ ಅಂಗಡಿಯದೇ, ಅದೇ ಡಬ್ಬಿಯಲ್ಲಿ ಉಳಿದದ್ದು. ಮಕ್ಬೂಲ್ ಸಾಹೇಬರಿಗೆ ಈಗ ನನ್ನದರ ಮೇಲೆ ಕೈ ಪಳಗಿತ್ತು. ಹದ ನೋಡಿ ಇಟ್ಟು, ಹದ ನೋಡಿ ತೆಗೆದರು. ಅವನದು ಎಂಥ ಕೆಂಪು ಬಂತೆಂದರೆ, ಹಬ್ಬದ ದಿನ ಹೊಸ ಬಳೆ ತೊಟ್ಟ ಕೈಯ ಹಾಗೆ ಗಾಲಿ ಸಂಭ್ರಮಪಡುತ್ತಿತ್ತು. ಮಳೆ ಹೋಯಿತು, ಬೇಸಿಗೆ ಹೋಯಿತು, ಹೆದ್ದಾರಿಯ ಮೇಲೆ ಎಷ್ಟು ಸಲ ಹುಬ್ಬಳ್ಳಿಗೆ ಹೋಗಿಬಂದರೂ ಅದು ಮಾಸಲಿಲ್ಲ. ಅವನು ಪಾಪ, ಕಂಡಕಂಡವರ ಮುಂದೆಲ್ಲ "ಇದೆಲ್ಲಾ ನಮ್ಮ ಅಣ್ಣಾರ ಪುಣ್ಯಾ" ಎನ್ನುತ್ತಿದ್ದ. ಅವನು ಹಾಗೆ ಹೊಗಳಿದಷ್ಟೂ ನನ್ನ ಮನಸ್ಸಿನ ಬಹುವಚನ ಮೆಲ್ಲಗೆ ಏಕವಚನಕ್ಕೆ ಇಳಿಯತೊಡಗಿತು.

ಅವನ ಹೊಗಳಿಕೆಯಿಂದ ಆ ಬಣ್ಣಕ್ಕೆ ಬೇಡಿಕೆ ಬಂತು. ಮೋಟರ್ ಸೈಕಲ್ಲಿನವರು, ಟ್ರ್ಯಾಕ್ಟರಿನವರು ಹುಡುಕಿಕೊಂಡು ಬರತೊಡಗಿದರು. ನಾನು ಡಬ್ಬಿ ತೆಗೆದಿಟ್ಟು ಅದರ ಗುಣಗಳನ್ನೆಲ್ಲ ವರ್ಣಿಸುತ್ತೇನೆ. ಖಾತ್ರಿ ಏನು ಎಂದು ಕೇಳಿದರೆ, ಶಿಗ್ಗಾಂವಿಗೆ ಹೋಗಿ ನಮ್ಮ ಷಡ್ಡಕರ ಗಾಡಿ ನೋಡಿ ಎಂದು ನಾನೇ ವಿಳಾಸ ಕೊಟ್ಟು ಕಳಿಸುತ್ತೇನೆ. ಗಿರಾಕಿ ಡಬ್ಬಿ ತೆಗೆದುಕೊಂಡು ಮೆಟ್ಟಿಲಿಳಿದು, ಅಂಗಡಿಯ ಮುಂದೆ ನಿಂತ ನನ್ನ ಕಾರಿನ ಗಾಲಿಯೊಳಗೆ ಒಮ್ಮೆ ಇಣುಕಿ, ಮರುಕದಿಂದ ತಿರುಗಿ ಹೇಳುತ್ತಾನೆ:

"ಎಲ್ಲಾರಿಗೂ ಮಾರ್ತೀರಿ, ನಿಮ್ಮ ಗಾಡಿಗೂ ಒಂದೀಟು ಹಚ್ಕೋಬಾರದೇನ್ರಿ?"